ಸಡಿಲಾದ ಜಂಪರು, ಮಾಣಿಕ ಕಾಕಾನ ಟೇಪು

ಮೂರು ತಿಂಗಳಿಂದ ನನ್ನ ಜಂಪರುಗಳು ಒಂದೊಂದಾಗಿ ಸಡಿಲಾಗುತ್ತಿವೆ. ಮೊದಲು ತೋಳು, ಆಮೇಲೆ ಬೆನ್ನು, ಈಗ ಭುಜದಿಂದಲೇ ಜಾರುತ್ತಿವೆ. ಅರವತ್ತಮೂರರ ಹೆಂಗಸು ಹೀಗೆ ಇಳಿದು ಹೋದರೆ ನೋಡಿದವರು ಗಾಬರಿಯಾಗಬೇಕೋ ಬೇಡವೋ, ನೀವೇ ಹೇಳಿ. ನಮ್ಮ ಓಣಿಯಲ್ಲಿ ಒಬ್ಬರಾದರೂ ಆಗಲಿಲ್ಲ. ಎದುರು ಮನೆಯ ಶಾಂತಮ್ಮ, "ಅಕ್ಕಾ, ಭಾಳ ಛಲೋ ಕಾಣ್ತೀರಿ ನೋಡ್ರಿ. ಮುಂಜಾನಿ ತಿರಗಾಡ್ಲಾಕ ಹೋಗ್ತೀರೇನು?" ಎಂದಳು. ನಮ್ಮ ಮನೆಯವರಂತೂ ಪೇಪರಿನಿಂದ ಮುಖ ಎತ್ತದೆ, "ಸಣ್ಣ ಆದ್ರ ಆಗು ಬಿಡು, ಮೊಣಕಾಲಿಗಿ ಭಾರ ಕಮ್ಮಿ ಆಗ್ತದ" ಎಂದರು. ಮಗಳು ಫೋನಿನಲ್ಲಿ ಏನು ತಿನ್ನುವುದು ಬಿಟ್ಟಿದ್ದೀ ಎಂದು ವಿಚಾರಿಸಿಕೊಂಡಳು, ತಾನೂ ಬಿಡಬೇಕಂತೆ.

ನಾನಾದರೂ ಏನು ಕಮ್ಮಿಯೇ? ಮೂವತ್ತಾರು ವರ್ಷ ಸರಕಾರಿ ದವಾಖಾನೆಗಳಲ್ಲಿ ನರ್ಸಾಗಿ ದುಡಿದವಳು. ನಿವೃತ್ತಳಾದ ಮೇಲೂ ಸುಮ್ಮನೆ ಕೂಡಲಾರದೆ, ರಕ್ತದ ಸಕ್ಕರೆ ನೋಡುವ ಅಂಗೈಯಗಲದ ಮಷೀನೊಂದನ್ನು ಕೊಂಡು, ರವಿವಾರ ಬಂತೆಂದರೆ ಓಣಿಯವರನ್ನು ಹಿಡಿಹಿಡಿದು ಬೆರಳು ಚುಚ್ಚುವವಳು. ಅಂಥ ನಾನು, ನನ್ನ ಜಂಪರು ಜಾರಿದಾಗ ಅಂದುಕೊಂಡದ್ದು ಏನು ಗೊತ್ತೇ? ಈ ಸಲದ ಬಿಸಿಲೇ ಕೆಟ್ಟದ್ದು. ಬೀದರಿನಲ್ಲಿ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು, ಓಣಿಯ ಬೋರು ಬತ್ತಿದೆ, ಕೊಡ ಹೊತ್ತು ಹೊತ್ತು ಯಾರು ತಾನೆ ಸೊರಗುವುದಿಲ್ಲ. ನೀರಡಿಕೆ ಹೆಚ್ಚಾಯಿತು, ಅದೂ ಬಿಸಿಲಿಗೇ. ನೀರು ಕುಡಿದರೆ ಬಚ್ಚಲಿಗೆ ಓಡಾಟ ಹೆಚ್ಚಾಗುತ್ತದೆ, ಅದರಲ್ಲೇನು ವಿಶೇಷ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತು ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು.

ಜಂಪರಿಗೆ ಒಳಗಿನಿಂದ ಒಂದು ಹೊಲಿಗೆ ಹಾಕಿ ಬಿಗಿ ಮಾಡೋಣವೆಂದು ಮೊನ್ನೆ ಊಟವಾದ ಮೇಲೆ ಬಿಸ್ಕೀಟಿನ ಡಬ್ಬಿ ತೆಗೆದೆ. ಎಲ್ಲರ ಮನೆಯಲ್ಲೂ ಇರುವ ಡಬ್ಬಿ ಅದು. ಮೇಲೆ ಬಿಸ್ಕೀಟಿನ ಚಿತ್ರ, ಒಳಗೆ ಸೂಜಿ, ದಾರ, ಜೊತೆ ತಪ್ಪಿದ ಗುಂಡಿಗಳು. ತಳದಲ್ಲಿ ಮಾಣಿಕ ಕಾಕಾನ ಟೇಪು ಸುರುಳಿ ಸುತ್ತಿಕೊಂಡು ಕೂತಿತ್ತು. ಒಂದು ಕಾಲಕ್ಕೆ ಹಳದಿ ಇದ್ದದ್ದು ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಅಂಕಿಗಳು ಇನ್ನೂ ಕಾಣುತ್ತವೆ. ಸೊಂಟಕ್ಕೆ ಸುತ್ತಿ ನೋಡಿದೆ. ಮೊದಲಿನ ಅಳತೆಗಿಂತ ಮೂರು ಇಂಚು ಕಮ್ಮಿ.

"ಹಳೇ ಟೇಪು, ಹಿಗ್ಗಿರಬೇಕು" ಎಂದೆ.

ಎಂದವಳೇ ಅಲ್ಲೇ ಕುಕ್ಕರಿಸಿದೆ. ಅದು ನನ್ನ ಮಾತಾಗಿರಲಿಲ್ಲ, ಕಾಕಾನ ಮಾತು. ನಲವತ್ತು ವರ್ಷದ ಹಿಂದೆ ಇದೇ ಟೇಪನ್ನು ಕೈಯಲ್ಲಿ ಹಿಡಿದುಕೊಂಡು ಅವನು ಆಡಿದ ಮಾತು.

ಮಾಣಿಕ ಕಾಕಾ ನಮ್ಮಪ್ಪನ ತಮ್ಮ. ಔರಾದದ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಟೇಲರ್ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಮ್ಮ ಹಳ್ಳಿಯಲ್ಲಿ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿದುಹೋಗುತ್ತಿತ್ತು. ಅಪ್ಪ ಅವ್ವ ಕುರಿಗಳ ಹಿಂದೆ ತಿರುಗುವವರು. ಓದುವ ಹುಚ್ಚು ಹಿಡಿದ ಮಗಳನ್ನು ಕುರಿಗಳ ಜೊತೆ ಎಷ್ಟು ದಿನ ತಿರುಗಿಸುವುದೆಂದು ನನ್ನನ್ನು ತಂದು ಕಾಕಾ ಕಾಕಿಯ ಹತ್ತಿರ ಬಿಟ್ಟರು. ನಾನು ಬೆಳೆದದ್ದು ಆ ಅಂಗಡಿಯ ಚಿಂದಿ ಗಂಟಿನ ಮೇಲೆ ಕೂತು. ಕಾಕಾನಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಅಳತೆ ನೆನಪಿರುತ್ತಿತ್ತು. "ಆ ಮೂವತ್ತೆಂಟು ಬಂದಿದ್ದನೇನು?" ಎಂದು ಕೇಳುವನು. ಕಾಕಿ ಒಳಗಿನಿಂದ, "ಯಾವ ಮೂವತ್ತೆಂಟು? ಪೋಸ್ಟಿನವರೋ, ಕಿರಾಣಿಯವರೋ?" ಎನ್ನುವಳು. ಅಳತೆಯ ವಹಿಯೊಂದಿತ್ತು. ಔರಾದದ ಅರ್ಧ ಊರು ಅದರಲ್ಲಿ ಎದೆ, ನಡು, ತೋಳು ಎಂದು ಸಾಲಾಗಿ ನಿಂತಿತ್ತು.

ನಾನು ಹೇಳಹೊರಟದ್ದು ಎರಡು ವರ್ಷ ಸತತ ಮಳೆ ಕೈಕೊಟ್ಟ ಕಾಲದ್ದು. ಸುತ್ತಲ ಹಳ್ಳಿಗಳ ಮಂದಿ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೊರಟಿದ್ದರು. ಔರಾದಕ್ಕೆ ರೈಲಿಲ್ಲವಲ್ಲ, ಬಸ್ಸು ಹಿಡಿಯಲು ಬಂದವರು ಗಂಟು ಮೂಟೆ ನಮ್ಮ ಅಂಗಡಿಯ ಕಟ್ಟೆಯ ಮೇಲಿಟ್ಟು, ಬಸ್ಸು ಬರುವಷ್ಟರಲ್ಲಿ ಅಂಗಿಗೊಂದು ಒಳಕಿಸೆ ಹೊಲಿಸಿಕೊಳ್ಳುವರು, ಪ್ಯಾಂಟಿನ ನಡು ಬಿಗಿ ಮಾಡಿಸಿಕೊಳ್ಳುವರು. ಹೊಸ ಬಟ್ಟೆ ಯಾರೂ ಹೊಲಿಸುತ್ತಿರಲಿಲ್ಲ. ಎರಡು ವರ್ಷ ಕಾಕಾ ಮಾಡಿದ್ದು ಒಂದೇ ಕೆಲಸ, ಮಂದಿಯ ಬಟ್ಟೆ ಸಣ್ಣದು ಮಾಡುವುದು. ಇಡೀ ತಾಲೂಕಿನ ನಡುವೇ ಎರಡೆರಡು ಇಂಚು ಇಳಿದಿತ್ತು. ಅಂಥ ಕಾಲದಲ್ಲಿ ಟೇಲರನ ನಡು ನಾಲ್ಕು ಇಂಚು ಇಳಿದರೆ ಯಾರ ಕಣ್ಣಿಗೆ ಬಿದ್ದೀತು.

ಕಾಕಿಯ ಕಣ್ಣಿಗೆ ಒಮ್ಮೆ ಬಿತ್ತು. ಅಳೆದು ನೋಡಿಕೊಳ್ಳಲು ಹೇಳಿದಳು. ಕಾಕಾ ಟೇಪನ್ನು ನಡುವಿಗೆ ಸುತ್ತಿ, ಅಂಕಿ ನೋಡಿ, ಟೇಪನ್ನೇ ಎಳೆದೆಳೆದು ಪರೀಕ್ಷೆ ಮಾಡಿದ.

"ಟೇಪು ಹಿಗ್ಗ್ಯದ. ಬಟ್ಟಿ ಟೇಪು, ಬಿಸಲಿಗಿ ಹಿಗ್ಗ್ತದ. ಅದಕ್ಕೇ ಅಳತಿ ಕಮ್ಮಿ ಬರ್ಲಾಕತ್ತದ."

"ಮತ್ತ ಮಂದೀದು ಇದೇ ಟೇಪಿನಾಗೇ ಅಳೀತಿ ಅಲ್ಲ ಕಾಕಾ?" ಎಂದು ನಾನು ಕೇಳಿದೆ.

"ಮಂದಿ ಖರೇನೇ ಸಣ್ಣ ಆಗ್ಯಾರ" ಎಂದ, ಏನೂ ಅನುಮಾನವಿಲ್ಲದೆ.

ಇದು ಕಾಕಾನ ಸ್ವಭಾವ. ಕಸುಬುದಾರ ಮನುಷ್ಯ. ಏನು ಕೆಟ್ಟರೂ ಮೊದಲು ಹತಿಯಾರದ ಮೇಲೆ ಅನುಮಾನ. ಸೂಜಿಗೆ ದಾರ ಪೋಣಿಸಲು ಬಾರದಾಯಿತು, "ಕಂಪನಿಯವರು ಸೂಜಿ ಕಣ್ಣೇ ಸಣ್ಣ ಮಾಡ್ಯಾರ, ಮೊದಲಿನ ಮಾಲು ಈಗ ಎಲ್ಲಿ ಅದ" ಎಂದ. ಬೆರಳಿಗೆ ಸೂಜಿ ಚುಚ್ಚಿದ್ದು ಹದಿನೈದು ದಿನವಾದರೂ ಮಾಯಲಿಲ್ಲ, ಸೂಜಿಗೆ ತುಕ್ಕು ಹತ್ತಿದೆ ಎಂದು ಪೊಟ್ಟಣವನ್ನೇ ಒಗೆದ. ಅರ್ಧ ತಾಸು ತುಳಿದರೆ ಸುಸ್ತಾಗಿ ಮಷೀನಿನ ಮೇಲೆ ತಲೆ ಇಟ್ಟು ಕೂಡುತ್ತಿದ್ದ. ಅದಕ್ಕೆ, "ಮಷೀನ್ ಜಡ ಆಗ್ಯದ" ಎಂದು ಎಣ್ಣೆ ಬಿಟ್ಟ. ಆಮೇಲೆ ಪಟ್ಟಾ ಬದಲಿಸಿದ. ಕೊನೆಗೆ ಉದಗೀರದಿಂದ ಮಿಸ್ತ್ರಿಯನ್ನು ಕರೆಸಿ ಇಡೀ ಮಷೀನು ಬಿಚ್ಚಿಸಿದ. ಮಿಸ್ತ್ರಿ ಎರಡು ಸಲ ತುಳಿದು ನೋಡಿ, "ಮಷೀನ್ ಹೂವಿನಂಗ ತಿರಗ್ತದಲ್ರಿ" ಎಂದರೆ ಕಾಕಾ ಅವನ ಮೇಲೆಯೇ ಸಿಟ್ಟಾದ, ಕೆಲಸ ಬಾರದವನೆಂದು.

ನೀರಿನ ಜಗಳ ಬೇರೆ. ಟ್ಯಾಂಕರು ಬಂದ ದಿನ ತುಂಬಿಟ್ಟುಕೊಂಡ ನೀರು ಮತ್ತೆ ಬರುವ ತನಕ ಸಾಗಬೇಕು. ಕುಡಿಯುವ ನೀರಿನ ಹರವಿಗೆ ಕಾಕಿಯೇ ಕಾವಲು. ಕಾಕಾ ಅಂಗಡಿಯಿಂದ ಎದ್ದು ಬಂದನೆಂದರೆ ಅವಳ ಕಣ್ಣು ತಂಬಿಗೆಯ ಮೇಲೆ.

"ಏನ್ರೀ, ಮುಂಜಾನಿಯಿಂದ ಇದು ಆರನೇ ತಂಬಗಿ. ಟ್ಯಾಂಕರ್ ನಿಮ್ಮ ಒಬ್ಬರ ಸಲುವಾಗೇ ಬರ್ತದೇನು?"

"ಬಾಯಿ ಒಣಗ್ಲಾಕತ್ತದ, ನೀರು ಕುಡೀಲಾರದ ಮಷೀನಿನ ಎಣ್ಣಿ ಕುಡೀಲೇನು?"

"ಕುಡೀರಿ. ಕುಡ್ಯಾದು ಅಷ್ಟು, ಹಿತ್ತಲಿಗಿ ಓಡಾದು ಅಷ್ಟು. ಆರಾರು ರೊಟ್ಟಿ ತಿಂತೀರಿ, ಅವೆಲ್ಲಿ ಹೋಗ್ತಾವೋ ದೇವರಿಗೇ ಗೊತ್ತು."

ಈ ಒಂದು ಮಾತಿನಲ್ಲಿ ಕಾಕಿ ಇಡೀ ರೋಗವನ್ನೇ ಹೇಳಿಬಿಟ್ಟಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ, ಅವಳೂ ಕೇಳಿಸಿಕೊಳ್ಳಲಿಲ್ಲ. ಇರುವೆಯ ಕತೆ ಕೇಳಿದರೆ ನಿಮಗೂ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಹಿತ್ತಲಲ್ಲಿ ಕಾಕಾ ಉಚ್ಚೆಗೆ ಕೂಡುವ ಬೇವಿನ ಮರದ ಬುಡಕ್ಕೆ ಸಾಲುಗಟ್ಟಿ ಇರುವೆ ಬರತೊಡಗಿದವು. ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಬೇನೆ ಎಂಬುದು ಅಕ್ಷರ ಬಾರದ ಮುದುಕಿಯರಿಗೂ ಗೊತ್ತಿದ್ದ ವಿಷಯ. ಆದರೆ ಇರುವೆ ಸಾಲು ಹಿಡಿದು ಹೊರಟರೆ ಮಳೆ ಬರುತ್ತದೆ ಎಂಬುದೂ ಅವರಿಗೇ ಗೊತ್ತಿದ್ದ ವಿಷಯ. ಎರಡು ವರ್ಷ ಮಳೆ ಕಾಣದವರಿಗೆ ಇರುವೆ ಕಂಡರೆ ಯಾವುದು ನೆನಪಾದೀತು? ಕಾಕಿ ಆಸುಪಾಸಿನ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಎಲ್ಲರೂ ಸೇರಿ ಇರುವೆಗಳಿಗೆ ಅರಿಸಿನ ಕುಂಕುಮ ಹಾಕಿ, ಮೇಲೆ ಒಂದು ಮುಷ್ಟಿ ಸಕ್ಕರೆ ಚೆಲ್ಲಿದರು. ಮಳೆ ಬರಲಿಲ್ಲ.

ಈಗ ನನ್ನ ಪಾಲಿಗೆ ಬರುತ್ತೇನೆ. ಇಷ್ಟು ಹೊತ್ತು ಅವರನ್ನು ಆಡಿಕೊಂಡದ್ದೆಲ್ಲ ಇದನ್ನು ಮುಂದೂಡಲಿಕ್ಕೆ. ಆ ಹೊತ್ತಿಗೆ ನಾನು ಬೀದರಿನಲ್ಲಿ ನರ್ಸಿಂಗ್ ತರಬೇತಿಯ ಕೊನೆಯ ವರ್ಷದಲ್ಲಿದ್ದೆ. ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರು. ಔರಾದಕ್ಕೆ ಬಂದು, ಎಂದಿನಂತೆ ಚಿಂದಿ ಗಂಟಿನ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದೆ. ಸಣ್ಣವಳಿದ್ದಾಗಿನಿಂದ ನನ್ನ ಪಾಠ ಒಪ್ಪಿಸಿಕೊಳ್ಳುವವನು ಕಾಕಾನೇ. ಅವನು ಮಷೀನು ನಿಲ್ಲಿಸಿ ನನ್ನ ನೋಟ್‌ಬುಕ್ ಇಸಿದುಕೊಂಡ. ತೋಳು ಪೂರ್ತಿ ಚಾಚಿ, ದೂರ ಹಿಡಿದು, ತಲೆಬರಹ ಓದಿದ. "ಸಕ್ಕರೆ ಕಾಯಿಲೆಯ ಮುನ್ಸೂಚನೆಗಳು. ಹೂಂ, ಹೇಳು."

ನಾನು ಕಣ್ಣು ಮುಚ್ಚಿದೆ. "ಒಂದು, ಅತಿಯಾದ ಬಾಯಾರಿಕೆ."

"ಹೂಂ" ಎಂದು ಕಾಕಾ ತಂಬಿಗೆ ಎತ್ತಿ ಗಟಗಟ ಕುಡಿದ. ಕುಡಿದ ಸಪ್ಪಳ ನನಗೆ ಕೇಳಿಸಿತು.

"ಎರಡು, ಪದೇ ಪದೇ ಮೂತ್ರ ವಿಸರ್ಜನೆ."

"ತಡಿ, ಈಗ ಬಂದೆ" ಎಂದು ನೋಟ್‌ಬುಕ್ ಮಷೀನಿನ ಮೇಲಿಟ್ಟು ಹಿತ್ತಲಿಗೆ ಹೋದ. ಮರೆತುಹೋದೀತೆಂದು ನಾನು ಕಣ್ಣು ಮುಚ್ಚಿಕೊಂಡೇ ಕಾಯುತ್ತ ಕೂತೆ. ಅವನು ಬಂದು ಕೂತ ಮೇಲೆ ಮುಂದುವರಿಸಿದೆ. "ಮೂರು, ಹಸಿವು ಹೆಚ್ಚಾಗುವುದು. ನಾಲ್ಕು, ಚೆನ್ನಾಗಿ ಉಂಡರೂ ತೂಕ ಇಳಿಯುವುದು. ಐದು, ಕಣ್ಣು ಮಂಜಾಗುವುದು."

"ಏನ್ ಬರದೀ ಸುಶೀ, ಅಕ್ಷರ ಎಲ್ಲಾ ಒಂದರ ಮ್ಯಾಲ ಒಂದು ಕುಂತಾವ. ಜರಾ ದೊಡ್ಡದಾಗಿ ಬರೀಬಾರದ?"

"ಆರು, ಗಾಯ ಬೇಗ ಮಾಯದಿರುವುದು. ಏಳು, ಕೈಕಾಲು ಜೋಮು ಹಿಡಿಯುವುದು, ಸ್ಪರ್ಶ ತಿಳಿಯದಿರುವುದು."

"ಶಾಬಾಸ್" ಎಂದ ಕಾಕಾ, ಚಿಂದಿ ಸುತ್ತಿದ ಬೆರಳಿನಿಂದ ನನ್ನ ಬೆನ್ನು ತಟ್ಟಿ. "ಒಂದೂ ತಪ್ಪಿಲ್ಲ."

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಏಳಕ್ಕೆ ಏಳೂ ಬರೆದೆ. ಪೂರ್ತಿ ಅಂಕ ಬಂದವು. ಪುಸ್ತಕದ ಬದನೆಕಾಯಿ ಎನ್ನುತ್ತಾರಲ್ಲ, ಅಂಥವರಿಗಾದರೂ ಬದನೆಕಾಯಿಯ ಚಿತ್ರ ನೋಡಿದರೆ ಬದನೆಕಾಯಿ ಎಂದು ಗೊತ್ತಾಗುತ್ತದೆ. ನನಗೆ ಎದುರಿಗೆ ಕೂತ ಮನುಷ್ಯನನ್ನು ನೋಡಿದರೂ ಗೊತ್ತಾಗಲಿಲ್ಲ, ಯಾಕೆಂದರೆ ನಾನು ಕಣ್ಣು ಮುಚ್ಚಿದ್ದೆ. ಆ ಹುಡುಗಿ ಈಗ ಕೈಗೆ ಸಿಕ್ಕರೆ ಕಪಾಳಕ್ಕೊಂದು ಬಾರಿಸುತ್ತೇನೆ. ಅವಳ ತಲೆಯಲ್ಲಿದ್ದ ಲೆಕ್ಕ ಸರಳವಾಗಿತ್ತು. ರೋಗ ಎಂದರೆ ದವಾಖಾನೆಯ ಮಂಚದ ಮೇಲೆ ಮಲಗಿದವರಿಗೆ ಬರುವಂಥದ್ದು. ಮನೆಯಲ್ಲಿ ಕೂತು ಬಟ್ಟೆ ಹೊಲಿಯುವವರಿಗೆ ಬರುವುದು ಬರಗಾಲ.

ಮರುವರ್ಷ ಭಾಲ್ಕಿಯ ದವಾಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮಳೆ ಆ ವರ್ಷವೂ ಇಲ್ಲ. ಬಿಳಿ ಸೀರೆಗೆ ಬಿಳಿ ಜಂಪರು ಬೇಕಿತ್ತು. ಭಾಲ್ಕಿಯಲ್ಲೇ ಹೊಲಿಸಿಕೊಳ್ಳುತ್ತೇನೆಂದು ಪತ್ರ ಬರೆದರೆ ಕಾಕಾ ಕೇಳಬೇಕಲ್ಲ. "ನಿನ್ನ ಅಳತಿ ನನಗ ಬಿಟ್ಟು ಯಾರಿಗಿ ಗೊತ್ತದ" ಎಂದು ಬರೆಸಿ ಕಳಿಸಿದ. ನಾಲ್ಕು ಜಂಪರು ಹೊಲಿದು, ತಾನೇ ಬಸ್ಸು ಹತ್ತಿ ಬಂದ. ನಾನು ಮಧ್ಯಾಹ್ನದ ಬಿಡುವಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸಿನಿಂದ ಮೊದಲು ಇಳಿದದ್ದು ಕಂಡಕ್ಟರ್, ನನ್ನ ಬಿಳಿ ಸೀರೆ ನೋಡಿ ನನ್ನ ಹತ್ತಿರವೇ ಬಂದ.

"ಸಿಸ್ಟರ್, ಈ ಮಾಮಾ ನಿಮ್ಮವರೇನ್ರಿ? ಔರಾದದಿಂದ ಇಲ್ಲಿತನಕ ಐದು ಸಲ ಗಾಡಿ ನಿಂದ್ರಿಸ್ಯಾರ. ಕಮಲನಗರ ದಾಟೋದ್ರೊಳಗೇ ಮೂರು. ಮಂದಿ ನನಗ ಬೈಲಾಕತ್ತಾರ. ಮುಂದಿನ ಸಲ ಇವರನ್ನ ಎತ್ತಿನ ಗಾಡ್ಯಾಗ ಕರಸ್ಕೋರಿ."

ಹಿಂದೆಯೇ ಕಾಕಾ ಇಳಿದ, ಬಗಲಲ್ಲಿ ಜಂಪರಿನ ಗಂಟು. ನಡೆದು ಬಂದ. ಸ್ಟ್ಯಾಂಡಿನ ಡಾಂಬರು ಕಾದು ಮೆತ್ತಗಾಗಿತ್ತು. ಅವನ ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲಲ್ಲಿ ಇರಲಿಲ್ಲ.

"ಕಾಕಾ, ಇನ್ನೊಂದು ಚಪ್ಪಲಿ ಎಲ್ಲಿ?"

ಅವನು ಕೆಳಗೆ ನೋಡಿದ. ನಾನು ಹೇಳುವ ತನಕ ಅವನಿಗೆ ಗೊತ್ತೇ ಇರಲಿಲ್ಲ. "ಹೌದಲ್ಲ, ಎಲ್ಲಿ ಬಿತ್ತೋ ಏನೋ" ಎಂದ.

"ಕಾಲು ಸುಡಂಗಿಲ್ಲೇನು?"

"ನಮ್ಮ ಕಾಲಿಗಿ ಬಿಸಲು ಹತ್ತಂಗಿಲ್ಲ. ಮಷೀನ್ ತುಳಿದು ತುಳಿದು ಗಟ್ಟಿ ಆಗ್ಯಾವ" ಎಂದು ಹೆಮ್ಮೆಯಿಂದ ನೆಲಕ್ಕೆ ಎರಡು ಸಲ ಒದ್ದು ತೋರಿಸಿದ.

ನಾನು ನಕ್ಕೆ. ಹೌದು, ನಕ್ಕೆ. ಕಂಡಕ್ಟರನೂ ನಕ್ಕ. ಒಂದೇ ಚಪ್ಪಲಿಯಲ್ಲಿ ಅವನನ್ನು ದವಾಖಾನೆಗೆ ಕರೆದುಕೊಂಡು ಬಂದು, ಬೆಂಚಿನ ಮೇಲೆ ಕೂಡಿಸಿ, ಡಾಂಬರು ಹತ್ತಿದ ಕಾಲು ತೊಳೆಯೋಣವೆಂದು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅಂಗಾಲಿನ ನಡುವೆ ಕಪ್ಪಗೆ ಒಂದು ಚುಕ್ಕಿ. ಸುತ್ತ ಒಂದು ರೂಪಾಯಿಯಷ್ಟಗಲ ಚರ್ಮ ನೀಲಿಗಟ್ಟಿ, ಒತ್ತಿದರೆ ಕೀವು. ಚಿಮಟಿಗೆ ಹಾಕಿ ಎಳೆದೆ. ಅರ್ಧ ಮುರಿದ ಮಷೀನಿನ ಸೂಜಿ ಹೊರಗೆ ಬಂತು.

ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿದ. ಮುಖ ಅರಳಿತು. "ಹದಿನಾರು ನಂಬರ್. ಹೋದ ವಾರ ಮುರದಿತ್ತು ನೋಡು, ನಿಮ್ಮ ಕಾಕಿ ಇಡೀ ಅಂಗಡಿ ಕಸ ಹೊಡದ್ರೂ ಸಿಕ್ಕಿರಲಿಲ್ಲ. ಇಲ್ಲೇ ಅದಲ್ಲ."

"ನೋವು ಆಗಲಿಲ್ಲೇನು ಕಾಕಾ?"

"ಯಾವ ನೋವು?"

ಆಗ ನೋಡಿ, ಏಳನೆಯದು ನೆನಪಾಯಿತು. ಅದರ ಹಿಂದೆ ಆರು, ಐದು, ನಾಲ್ಕು, ಎಲ್ಲ ಉಲ್ಟಾ ಕ್ರಮದಲ್ಲಿ, ಅವನದೇ ಹೂಂಗುಡುವಿಕೆಯ ಜೊತೆ. ಅವನ ಕೈಗೊಂದು ಖಾಲಿ ಸೀಸೆ ಕೊಟ್ಟು ಬಚ್ಚಲಿಗೆ ಕಳಿಸಿದೆ. ಆಗೆಲ್ಲ ಬೆರಳು ಚುಚ್ಚುವ ಮಷೀನು ಎಲ್ಲಿತ್ತು. ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ದೀಪದ ಮೇಲೆ ಕಾಯಿಸಿ ನೋಡುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಕಾಕಾ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಬಟ್ಟೆಗೆ ಬಣ್ಣ ಹಾಕುವವರನ್ನು ನೋಡುವ ಹಾಗೆ ನೋಡುತ್ತಿದ್ದ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಅಲ್ಲಿಗಾದರೂ ನಿಲ್ಲಲೆಂದು ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ. ನಿಲ್ಲಲಿಲ್ಲ. ಬೀದರಿನ ನೆಲದ ಹಾಗೆ ಇಟ್ಟಿಗೆ ಕೆಂಪಾಯಿತು.

"ಛಂದ ಬಣ್ಣ ಬಂತಲ್ಲ" ಎಂದ ಕಾಕಾ. "ಕೆಂಪ ಬಂದ್ರ ಪಾಸೋ, ಫೇಲೋ?"

ನಾನು ದೀಪ ಆರಿಸಿ ಕಣ್ಣೊರೆಸಿಕೊಂಡೆ. ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. "ಅಳಬ್ಯಾಡ ಸುಶೀ, ನಿನಗ ಪಾಠ ಪೂರಾ ಬಂದಿತ್ತು. ನಾ ಕೇಳೀನಲ್ಲ" ಎಂದ. ಸಮಾಧಾನ ಮಾಡಲೆಂದೇ ಆಡಿದ ಮಾತು. ನಲವತ್ತು ವರ್ಷದಿಂದ ಅದೇ ನನ್ನನ್ನು ಕೊರೆಯುತ್ತಿದೆ.

ಬೀದರಿನ ದೊಡ್ಡ ದವಾಖಾನೆಗೆ ಕರೆದೊಯ್ದೆವು. ಅಷ್ಟರಲ್ಲಿ ವಿಷ ಏರಿತ್ತು. ಎಡಗಾಲಿನ ಅರ್ಧ ಪಾದ ತೆಗೆದರು. ಮಷೀನು ತುಳಿಯುತ್ತಿದ್ದುದು ಆ ಕಾಲಿನಿಂದಲೇ. ಒಂದು ವರ್ಷ ಮೊದಲು ಗೊತ್ತಾಗಿದ್ದರೆ ಗುಳಿಗೆ, ಪಥ್ಯ, ಕಾಲಿನ ಮೇಲೆ ಕಣ್ಣು, ಇಷ್ಟರಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿದರು. ಹೇಳುವಾಗ ನನ್ನ ಬಿಳಿ ಸೀರೆಯ ಕಡೆ ನೋಡಿದರು. ನಾನು ನೆಲ ನೋಡಿದೆ.

ಆಮೇಲೆ ಕಾಕಾ ಒಂಬತ್ತು ವರ್ಷ ಬದುಕಿದ, ಹೊಲಿಗೆಯನ್ನೂ ಬಿಡಲಿಲ್ಲ. ಮಷೀನಿಗೆ ಕೈಯಿಂದ ತಿರುಗಿಸುವ ಹಿಡಿಕೆ ಹಾಕಿಸಿದರು. ಕಾಕಾ ಬಟ್ಟೆ ಸರಿಸುವನು, ಕಾಕಿ ಪಕ್ಕದಲ್ಲಿ ಕೂತು ಹಿಡಿಕೆ ತಿರುಗಿಸುವಳು. ಇಬ್ಬರಿಗೂ ಜಗಳ ಹತ್ತಿದರೆ ಅವಳು ನಡುವೆಯೇ ಕೈ ಬಿಡುವಳು, ಹೊಲಿಗೆ ಅಲ್ಲಿಗೇ ನಿಲ್ಲುವುದು. ಅವನು ಕದ್ದು ಬೆಲ್ಲ ತಿಂದ ದಿನವಂತೂ ಅಂಗಡಿಗೇ ರಜೆ. ಕಾಕಾ ಒಂದು ಹೊಸ ನಿಯಮ ಬೇರೆ ಮಾಡಿಕೊಂಡ. ಯಾರಾದರೂ ಬಟ್ಟೆ ಬಿಗಿ ಮಾಡಿಸಲು ಬಂದರೆ ವಹಿ ತೆಗೆದು ಹಳೆಯ ಅಳತೆ ನೋಡುವುದು, ಟೇಪು ಹಿಡಿಯುವುದು, ಎರಡು ಇಂಚಿನ ಮೇಲೆ ಇಳಿದಿದ್ದರೆ ಬಟ್ಟೆ ಮಡಚಿ ಅವರ ಕೈಗೇ ಕೊಡುವುದು.

"ಮೊದಲು ದವಾಖಾನಿಗಿ ಹೋಗಿ ಉಚ್ಚಿ ನೋಡಸ್ಕೊಂಡು ಬರ್ರಿ. ಆಮ್ಯಾಲ ಹೊಲೀತೇನಿ."

"ಬರಗಾಲ ಅದಲ್ಲೋ ಮಾಣಿಕಪ್ಪ, ಸಣ್ಣ ಆಗ್ಲಾರದ ಏನ್ ಮಾಡಬೇಕು?" ಎಂದು ಅವರು ರೇಗುವರು.

"ಬರಗಾಲಕ್ಕ ಎಲ್ಲಾ ಹೊರಿಸಬ್ಯಾಡ್ರಿ. ಅದಕ್ಕ ಅದರದೇ ಭಾಳ ಅದ" ಎನ್ನುವನು.

ಅರ್ಧ ಮಂದಿ ಬೈದುಕೊಂಡು ಬೇರೆ ಟೇಲರಿನ ಹತ್ತಿರ ಹೋದರು. ಉಳಿದವರಲ್ಲಿ ಮೂರ್ನಾಲ್ಕು ಮಂದಿಗೆ ನಿಜಕ್ಕೂ ಸಕ್ಕರೆ ಇತ್ತು. ಅವರ ಕಾಲು ಉಳಿದವು.

ನನ್ನ ರವಿವಾರದ ಚುಚ್ಚಾಟ ಶುರುವಾದದ್ದು ಈ ಪಾಪ ಕಳೆದುಕೊಳ್ಳಲೆಂದೇ. ಕಳೆಯಲು ಬಿಡಬೇಕಲ್ಲ ಈ ಮಂದಿ. ಒಬ್ಬರು, "ನಿನ್ನಿ ಲಗ್ನದಾಗ ಹೋಳಿಗಿ ತಿಂದೀನ್ರಿ, ಅದಕ್ಕ ಜಾಸ್ತಿ ಬಂದದ" ಎನ್ನುತ್ತಾರೆ. ಆ ಲಗ್ನ ಆರು ತಿಂಗಳಿಂದ ಪ್ರತಿ ವಾರವೂ ನಡೆಯುತ್ತಿದೆ. ಇನ್ನೊಬ್ಬರು, "ಬಲಗೈ ಬ್ಯಾಡ್ರಿ ಅಕ್ಕಾ, ಎಡಗೈ ಚುಚ್ಚ್ರಿ, ಎಡಗೈದಾಗ ಸಕ್ಕರಿ ಕಮ್ಮಿ ಇರ್ತದ" ಎನ್ನುತ್ತಾರೆ. ಏನೂ ತೋಚದವರು, "ನಿಮ್ಮ ಮಷೀನ್ ಕೆಟ್ಟದ್ರಿ" ಎಂದು ಎದ್ದು ಹೋಗುತ್ತಾರೆ. ನಾನು ಅವರ ಬೆನ್ನ ಹಿಂದೆ ಗೇಟಿನ ತನಕ ಹೋಗಿ, "ಮಷೀನ್ ಕೆಟ್ಟಿಲ್ಲ, ನಿಮ್ಮ ತಲಿ ಕೆಟ್ಟದ" ಎಂದು ಬೈದು ಬರುತ್ತೇನೆ. ಇಷ್ಟೆಲ್ಲ ಬೈಯುವವಳು ಒಮ್ಮೆಯಾದರೂ ತನ್ನ ಬೆರಳು ಚುಚ್ಚಿಕೊಂಡಳೇ ಎಂದು ಕೇಳುವವರು ಯಾರೂ ಇರಲಿಲ್ಲ. ಡಾಕ್ಟರಿಗೇ ಜ್ವರ ಬಂದರೆ ನೋಡುವವರಾರು.

ಮೊನ್ನೆ ಟೇಪು ಕೈಯಲ್ಲಿ ಹಿಡಿದು ಇಷ್ಟೆಲ್ಲ ನೆನೆಯುತ್ತ ಕೂತವಳು ಕೊನೆಗೆ ಎದ್ದೆ. ನಮ್ಮ ಮನೆಯವರ ಮೇಜಿನ ಮೇಲೆ ಸ್ಟೀಲಿನ ಪಟ್ಟಿ ಇತ್ತು. ಟೇಪನ್ನು ಅದರ ಪಕ್ಕಕ್ಕೆ ಹಾಸಿ, ಚಷ್ಮಾ ಹಾಕಿಕೊಂಡು, ಹನ್ನೆರಡು ಹನ್ನೆರಡು ಇಂಚಾಗಿ ಕೊನೆಯ ತನಕ ತಾಳೆ ನೋಡಿದೆ. ಒಂದು ನೂಲಿನಷ್ಟೂ ಹಿಗ್ಗಿರಲಿಲ್ಲ. ಅಂದೂ ಹಿಗ್ಗಿರಲಿಲ್ಲ ಎಂದಾಯಿತು. ಅಂದು ಇದೇ ಕೆಲಸವನ್ನು ಮಾಡಿ ನೋಡಲು ಎಷ್ಟು ಹೊತ್ತು ಬೇಕಾಗುತ್ತಿತ್ತು? ಅಂಗಡಿಯಲ್ಲಿ ಕಬ್ಬಿಣದ ಗಜವೂ ಇತ್ತು. ನಾನು ಅದರ ಪಕ್ಕದಲ್ಲೇ ಕೂತು ಪಾಠ ಓದುತ್ತಿದ್ದೆ. ಟೇಪನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟೆ.

ಆಮೇಲೆ ರವಿವಾರದ ಮಷೀನು ತೆಗೆದೆ. ಮೂವತ್ತಾರು ವರ್ಷ ಮಂದಿಗೆ ಸೂಜಿ ಚುಚ್ಚಿದ ಕೈ, ತನ್ನದೇ ಬೆರಳು ಚುಚ್ಚಲು ಹಿಂದೆ ಮುಂದೆ ನೋಡಿತು. ಚುಚ್ಚಿದೆ. ಒಂದು ಹನಿ. ಮಷೀನು ಮುನ್ನೂರ ಹನ್ನೆರಡು ಎಂದು ತೋರಿಸಿತು.

ನಾಲಿಗೆಯ ತುದಿಗೆ ಏನು ಬಂತೆಂದು ನಿಮಗೆ ಹೇಳಬೇಕಾಗಿಲ್ಲ. ಇನ್ನೊಂದು ಬೆರಳು ಚುಚ್ಚಿದೆ. ಎಡಗೈಯದು, ನಾಚಿಕೆ ಬಿಟ್ಟು ಹೇಳುತ್ತೇನೆ. ಮುನ್ನೂರ ಎಂಟು.

ಒಳಗಿನಿಂದ ನಮ್ಮ ಮನೆಯವರು, "ಏನ್ ಮಾಡ್ಲಾಕತ್ತಿ ಅಲ್ಲಿ? ಇವತ್ತ ರವಿವಾರ ಅಲ್ಲಲ್ಲ" ಎಂದು ಕೂಗಿದರು.

"ಮಷೀನ್ ನೋಡ್ಲಾಕತ್ತೀನ್ರಿ."

"ಯಾಕ, ಕೆಟ್ಟದೇನು?"

"ಇಲ್ರಿ. ಮಷೀನ್ ಛಲೋ ಅದ. ಟೇಪೂ ಛಲೋ ಅದ. ನನಗೇ ಸಕ್ಕರಿ ಬಂದದ. ದವಾಖಾನಿಗಿ ಹೋಗಬೇಕು, ಏಳ್ರಿ."

ಅವರು ಪೇಪರು ಮಡಚಿಟ್ಟು ಹೊರಗೆ ಬಂದು, ನನ್ನನ್ನು ಮೂರು ತಿಂಗಳಲ್ಲಿ ಮೊದಲ ಸಲ ಸರಿಯಾಗಿ ನೋಡಿದರು. ಗಾಬರಿಯಾಗಿದ್ದರು. ಆದರೂ ಬಾಗಿಲ ತನಕ ಹೋಗಿ ಆಕಾಶ ನೋಡಿ, "ಭಾಳ ಬಿಸಲು ಅದಲ್ಲ ಸುಶೀಲಾ, ಸಂಜೀಕ ಹೋಗಮೇನು?" ಎಂದರು.

"ಬಿಸಲಿನ ಹೆಸರು ಎತ್ತಬ್ಯಾಡ್ರಿ" ಎಂದೆ, ಓಣಿಗೆಲ್ಲ ಕೇಳುವಂತೆ. "ಈಗೇ ಹೋಗಮ್."

ಸೂಜಿಗೆ ಪೋಣಿಸಿಟ್ಟಿದ್ದ ದಾರವನ್ನು ಎಳೆದು ತೆಗೆದು ಡಬ್ಬಿ ಮುಚ್ಚಿದೆ. ಭುಜದಿಂದ ಜಾರುತ್ತಿದ್ದ ಅದೇ ಜಂಪರಿನಲ್ಲಿ ಹೊರಟೆ. ಶಾಂತಮ್ಮ ಗೇಟಿನ ಹತ್ತಿರ ತಡೆದು, "ಅಕ್ಕಾ, ಒಂದು ಪಿನ್ನರೆ ಹಚ್ಚಿಕೊಡ್ಲೇನ್ರಿ?" ಎಂದಳು. ಬೇಡವೆಂದೆ. ಪರೀಕ್ಷೆ ಮುಗಿಯುವ ತನಕ ಬಟ್ಟೆ ಬಿಗಿ ಮಾಡುವಂತಿಲ್ಲ, ಅದು ಮಾಣಿಕ ಕಾಕಾನ ಅಂಗಡಿಯ ನಿಯಮ.